ಹೆಣ್ಣುಮಕ್ಕಳು ಗೆದ್ದರೆ ಊರು ತಣ್ಣಗಾಗುತ್ತಾ? ಕೋಠಿಯಿಂದ ಮಂಡಲ ಪಂಚಾಯ್ತಿವರೆಗೆ

ಈ ವಾರದ ಮಾತನ್ನು ಓದುವವರಿಗೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿ ಇಲ್ಲಿ ಹಾಕಿದ್ದೇನೆ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟ ಒಂದೆರಡು ಸಂಗತಿಗಳೂ ಸೇರಿವೆ.

ಹೈದರಾಬಾದಿಗೆ ಬಂದ ನಮ್ಮಂಥವರಿಗೆ ಊರು ಅಂದ್ರೆ ಮಾಧಾಪುರ, ಗಚ್ಚಿಬೌಲಿ, ಕೂಕಟ್‌ಪಲ್ಲಿ. ಊರಿಂದ ಯಾರಾದರೂ ಬಂದರೆ ಚಾರ್ಮಿನಾರ್. ಕೋಠಿ ಕಡೆ ಹೋಗೋದು ಅಪರೂಪ. ಹೋದರೆ ಹಳೇ ಪುಸ್ತಕದ ಅಂಗಡಿಗಳ ಹಿಂದೆ ದೊಡ್ಡ ಕಂಬಗಳ ಒಂದು ಬಿಳಿ ಕಟ್ಟಡ ಕಾಣುತ್ತೆ. ಇನ್ನೂರು ವರ್ಷಗಳ ಹಿಂದೆ ಕಿರ್ಕ್‌ಪ್ಯಾಟ್ರಿಕ್ ಎಂಬ ಬ್ರಿಟಿಷ್ ರೆಸಿಡೆಂಟ್ ಕಟ್ಟಿಸಿದ್ದು. ನಿಜಾಮನ ಆಸ್ಥಾನದ ಮೇಲೆ ಇಂಗ್ಲಿಷರು ಕಣ್ಣಿಟ್ಟು ಕೂತಿದ್ದ ಜಾಗ. 1949ರಿಂದ ಅಲ್ಲಿ ಹೆಣ್ಣುಮಕ್ಕಳ ಕಾಲೇಜು ನಡೀತಿದೆ, ಈಗ ಅದು ವಿಶ್ವವಿದ್ಯಾಲಯ. 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರಿಟ್ಟರು.

ತೆಲುಗಿನಲ್ಲಿ ಚಾಕಲಿ ಅಂದ್ರೆ ಅಗಸರು. ಪಾಲಕುರ್ತಿ ಎಂಬ ಊರಿನ ಅಗಸರ ಹೆಂಗಸು ಐಲಮ್ಮ. ಗೇಣಿಗೆ ಹಿಡಿದ ಹೊಲದಲ್ಲಿ ಬೆಳೆ ತೆಗೆದಳು. ವಿಸ್ನೂರಿನ ದೇಶಮುಖ ಆ ಬೆಳೆಯನ್ನೂ ಹೊಲವನ್ನೂ ಕಿತ್ತುಕೊಳ್ಳಲು ಆಳುಗಳನ್ನು ಕಳಿಸಿದ. ಸಂಘದವರನ್ನು ಕರೆದುಕೊಂಡು ಇವಳು ಎದುರು ನಿಂತಳು. 1940ರ ದಶಕದ ಮಾತು. ತೆಲಂಗಾಣದ ರೈತ ಹೋರಾಟ ಬಂದೂಕು ಹಿಡಿಯುವ ಹಂತಕ್ಕೆ ಹೋಗೋದಕ್ಕೆ ಇಂಥ ಹೊಲಗಳ ಜಗಳಗಳೇ ಬೀಜ.

ಇದು ಪಕ್ಕದ ರಾಜ್ಯದ ಕಥೆ ಅಂತ ಅನ್ಕೋಬೇಡಿ. ಆಗ ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲ ಇದೇ ಹೈದರಾಬಾದ್ ಸಂಸ್ಥಾನದೊಳಗಿದ್ದವು. ನಮ್ಮ ಕಡೆ ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸುವುದು 1948ರ ಪೊಲೀಸ್ ಕಾರ್ಯಾಚರಣೆಯ ನೆನಪಿಗೇ. ನಾನು ರಾಯಚೂರು ಜಿಲ್ಲೆಯವನು. ನಮ್ಮ ಅಜ್ಜನಿಗೆ ಬೆಂಗಳೂರು ಪರದೇಶ, ಹೈದರಾಬಾದ್ ‘ಪಟ್ಣ’.

1946ರಿಂದ 1951ರವರೆಗೆ ನಡೆದ ಆ ಹೋರಾಟದಲ್ಲಿ ಹೆಂಗಸರು ಅನ್ನ ಬೇಯಿಸಿದ್ದಷ್ಟೇ ಅಲ್ಲ. ಚೀಟಿ ಮುಟ್ಟಿಸಿದರು, ದಳಗಳಲ್ಲಿ ಓಡಾಡಿದರು, ಬಂದೂಕು ಹಿಡಿದರು. ಮಲ್ಲು ಸ್ವರಾಜ್ಯಂ ಆಗ ಇನ್ನೂ ಹದಿಹರೆಯದ ಹುಡುಗಿ, ಅವಳ ತಲೆಗೆ 10,000 ರೂಪಾಯಿ ಇನಾಮು ಇತ್ತು. 1940ರ ದಶಕದ 10,000, ಲೆಕ್ಕ ಹಾಕಿಕೊಳ್ಳಿ. 1951ರ ಅಕ್ಟೋಬರಿನಲ್ಲಿ ಪಕ್ಷ ಹೋರಾಟ ನಿಲ್ಲಿಸಿತು. ಗಂಡಸರು ಚುನಾವಣೆಗೆ ಹೋದರು. ಹೆಂಗಸರಿಗೆ? ಬಹುಪಾಲು ಹೆಂಗಸರಿಗೆ ಸಿಕ್ಕ ಸೂಚನೆ ಒಂದೇ: ಮನೆಗೆ ಹೋಗಿ.

ಇದನ್ನು ನಾನು ಹೇಳ್ತಿರೋದಲ್ಲ. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯವರು ಆ ಹೆಂಗಸರನ್ನು ಹುಡುಕಿ ಹುಡುಕಿ ಮಾತಾಡಿಸಿ 1986ರಲ್ಲಿ ತೆಲುಗಿನಲ್ಲಿ ಒಂದು ಪುಸ್ತಕ ತಂದರು, ‘ಮನಕು ತೆಲಿಯನಿ ಮನ ಚರಿತ್ರ’ ಅಂತ. ನಮಗೆ ಗೊತ್ತಿಲ್ಲದ ನಮ್ಮ ಚರಿತ್ರೆ ಎಂದರ್ಥ. ಅದರಲ್ಲಿ ಮಾತಾಡುವ ಹೆಂಗಸರು ಗುಂಡಿನ ಬಗ್ಗೆ, ಕಾಡಿನ ಬಗ್ಗೆ ಹೆಮ್ಮೆಯಿಂದ ಹೇಳ್ತಾರೆ. ಆಮೇಲಿನ ದಿನಗಳ ಬಗ್ಗೆ ಹೇಳುವಾಗ ಆ ದನಿ ಬೇರೆಯಾಗುತ್ತೆ. ನನಗೆ ಈ ವಿಷಯದ ಹುಚ್ಚು ಹತ್ತಿದ್ದು ಆ ಪುಸ್ತಕದಿಂದ. ಯುದ್ಧದಲ್ಲಿ ಸಮಪಾಲು ಕೊಟ್ಟವರಿಗೆ ಶಾಂತಿಯಲ್ಲಿ ಯಾಕೆ ಪಾಲು ಸಿಗಲಿಲ್ಲ?

ಕೆಲವರಿಗೆ ಸಿಕ್ಕಿತು, ನಿಜ. ಅದೇ ಹೋರಾಟದ ಆರುಟ್ಲ ಕಮಲಾದೇವಿ 1952ರಲ್ಲಿ ಆಲೇರಿನಿಂದ ಗೆದ್ದು ಹೈದರಾಬಾದ್ ವಿಧಾನಸಭೆಗೆ ಬಂದರು, ಇನ್ನೆರಡು ಸಲವೂ ಗೆದ್ದರು. ಸ್ವರಾಜ್ಯಂ ತುಂಗತುರ್ತಿಯಿಂದ ಶಾಸಕಿ ಆದದ್ದು 1978ರಲ್ಲಿ. ಬಂದೂಕು ಇಳಿಸಿದ 27 ವರ್ಷದ ಮೇಲೆ! ಹಳೇ ಊರಿನ ಶಾಲಿಬಂಡಾದಿಂದ 1952ರಲ್ಲಿ ಮಾಸೂಮಾ ಬೇಗಂ ಗೆದ್ದರು. ಪೊಲೀಸ್ ಕಾರ್ಯಾಚರಣೆ ಆಗಿ ನಾಲ್ಕು ವರ್ಷವೂ ತುಂಬಿರಲಿಲ್ಲ, ನಗರದ ಮುಸ್ಲಿಂ ಮನೆಗಳಲ್ಲಿ ಭಯ ಇನ್ನೂ ಆರಿರಲಿಲ್ಲ. ಆ ಹೊತ್ತಲ್ಲಿ ಒಬ್ಬ ಮುಸ್ಲಿಂ ಹೆಣ್ಣುಮಗಳು ಮತ ಕೇಳಿ ಗೆದ್ದು ಬಂದಳು, ಮುಂದೆ 1960ರಲ್ಲಿ ಆಂಧ್ರಪ್ರದೇಶದಲ್ಲಿ ಮಂತ್ರಿಯೂ ಆದಳು ಅನ್ನೋದು ಸಣ್ಣ ಮಾತಲ್ಲ. ಇನ್ನು ನಗರದ ಮೊದಲ ಮಹಿಳಾ ಮೇಯರ್, 1962ರಲ್ಲಿ, ವನಪರ್ತಿ ಸಂಸ್ಥಾನದ ರಾಣಿ ಕುಮುದಿನಿ ದೇವಿ. ಕೂಕಟ್‌ಪಲ್ಲಿಯಲ್ಲಿರುವ ನೀವು ಶಿವಾನಂದ ಆಶ್ರಮದ ಬೋರ್ಡು ನೋಡಿರಬಹುದು. ಕುಷ್ಠರೋಗಿಗಳಿಗೆಂದು 1958ರಲ್ಲಿ ಅದನ್ನು ಶುರು ಮಾಡಿದವರು ಅವರೇ. ಆಮೇಲೆ 1965ರಲ್ಲಿ ಸರೋಜಿನಿ ಪುಲ್ಲಾರೆಡ್ಡಿ ಮೇಯರ್ ಆದರು.

ಅದರ ಮುಂದಿನ ಮಹಿಳಾ ಮೇಯರ್ ಯಾವಾಗ ಗೊತ್ತಾ? 2009. ನಡುವೆ ಎಷ್ಟೋ ವರ್ಷ ಪಾಲಿಕೆಗೆ ಚುನಾವಣೆಯೇ ನಡೆಯಲಿಲ್ಲ ಎಂಬುದೂ ಇದೆ. ಆದರೂ 40 ವರ್ಷಕ್ಕೂ ಹೆಚ್ಚಿನ ಖಾಲಿ ಜಾಗ. ರಾಣಿ, ನಾಯಕರ ಮನೆಯವರು, ಓದಿದ ದೊಡ್ಡ ಕುಟುಂಬದವರು, ಹೋರಾಟದಲ್ಲಿ ಹೆಸರು ಮಾಡಿದವರು ಹೀಗೆ ಒಬ್ಬೊಬ್ಬರು ಬಂದರು. ಅವರು ಹೋದ ಮೇಲೆ ಅವರ ಹಿಂದೆ ಸಾಲು ಇರಲಿಲ್ಲ.

ಆ ಸಾಲನ್ನು ಕಾನೂನಿನಿಂದ ಮಾಡಬೇಕಾ ಬೇಡ್ವಾ ಅಂತ ಹಳೇ ವಾದ ಇದೆ. ಬೇಡ ಅಂದವರಲ್ಲಿ ಮೊದಲಿಗರು ಹೆಂಗಸರೇ! ಹೈದರಾಬಾದಿನ ಮಗಳು ಸರೋಜಿನಿ ನಾಯ್ಡು 1917ರಲ್ಲೇ ಮಾಂಟೆಗು ಎದುರು ಹೋಗಿ ಹೆಂಗಸರಿಗೆ ಮತದಾನದ ಹಕ್ಕು ಕೇಳಿದವರು. ಆದರೆ 1931ರಲ್ಲಿ ಬೇಗಂ ಶಾ ನವಾಜ್ ಜೊತೆ ಕೊಟ್ಟ ಮನವಿಯಲ್ಲಿ, ಎಲ್ಲ ವಯಸ್ಕರಿಗೂ ಮತ ಕೊಡಿ, ನಮಗೆ ಪ್ರತ್ಯೇಕ ಸೀಟು ಬೇಡ ಅಂದರು. ರಿಯಾಯಿತಿ ಕೇಳಿದರೆ ಸಮಾನತೆಗೇ ಅವಮಾನ ಅನ್ನೋ ಭಾವ. ಅದೇ ಮನೆತನಕ್ಕೆ ಸೊಸೆಯಾಗಿ ಹೋದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಸರೋಜಿನಿಯ ತಮ್ಮ ಹರೀಂದ್ರನಾಥನ ಹೆಂಡತಿ. 1926ರಲ್ಲಿ ಹೆಂಗಸರು ಸ್ಪರ್ಧಿಸಬಹುದು ಅಂತ ಆಗುತ್ತಿದ್ದಂತೆ ಮದ್ರಾಸ್ ವಿಧಾನ ಪರಿಷತ್ತಿಗೆ ನಿಂತರು, ಕೆಲವೇ ಮತಗಳಿಂದ ಸೋತರು. ಆಗ ಆಸ್ತಿ ಇದ್ದವರಿಗಷ್ಟೇ ಮತ. ಹೆಂಗಸರ ಹೆಸರಲ್ಲಿ ಆಸ್ತಿ ಎಲ್ಲಿಂದ ಬರಬೇಕು? ಆಟಕ್ಕೆ ಇಳಿಯುವ ಮೊದಲೇ ಅಂಕಣ ಒಂದು ಕಡೆಗೆ ವಾಲಿತ್ತು ಅನ್ನೋದು ನನ್ನ ತೀರ್ಮಾನ.

ಸಂವಿಧಾನ ಬರೆದಾಗಲೂ ಮಹಿಳಾ ಮೀಸಲು ಬರಲಿಲ್ಲ. 1974ರಲ್ಲಿ ‘ಸಮಾನತೆಯತ್ತ’ ಎಂಬ ದೊಡ್ಡ ವರದಿ ಬಂತು. ಅದರ ಸಮಿತಿಯ ಬಹುಮತವೂ ಶಾಸನಸಭೆಗಳಲ್ಲಿ ಮೀಸಲು ಬೇಡ ಅಂದಿತು. ವೀಣಾ ಮಜುಂದಾರ್, ಲೋತಿಕಾ ಸರ್ಕಾರ್ ಮಾತ್ರ ಭಿನ್ನಮತ ಬರೆದು ಕೂತರು. ಮಜುಂದಾರ್ ಅವರು ಮೊದಲು ತಾವೂ ಮೀಸಲಾತಿ ವಿರೋಧಿಯೇ ಆಗಿದ್ದವರು. 25 ವರ್ಷದ ಲೆಕ್ಕ ನೋಡಿ ಅಭಿಪ್ರಾಯ ಬದಲಿಸಿದರು.

ಇಲ್ಲಿಂದ ಕಥೆ ಕರ್ನಾಟಕಕ್ಕೆ ಬರುತ್ತೆ, ಮತ್ತೆ ನನ್ನ ಮನೆಗೂ.

1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ. ಗ್ರಾಮೀಣಾಭಿವೃದ್ಧಿ ಮಂತ್ರಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಮನುಷ್ಯ. ಅವರು ತಂದ ಪಂಚಾಯ್ತಿ ಕಾಯ್ದೆಯಲ್ಲಿ ಹೆಂಗಸರಿಗೆ 25% ಸೀಟು. ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯ್ತು, ಚುನಾವಣೆ 1987ರ ಜನವರಿಯಲ್ಲಿ. ಒಂದೇ ಏಟಿಗೆ ಸುಮಾರು 14,000 ಹೆಂಗಸರು ಮಂಡಲ ಪಂಚಾಯ್ತಿಗಳಿಗೆ ಬಂದರು. ದೇಶಕ್ಕೆ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ. ಅದಕ್ಕೂ ಆರು ವರ್ಷ ಮೊದಲು ನಮ್ಮಲ್ಲಿ ಆಗಿತ್ತು.

ಆ 14,000 ಜನರಲ್ಲಿ ನನ್ನ ದೊಡ್ಡವ್ವ ಒಬ್ಬಳು. ನಾನಿನ್ನೂ ಹುಟ್ಟಿರಲಿಲ್ಲ, ಅವಳ ಬಾಯಿಂದ ಕೇಳಿದ್ದು. ನಿಲ್ಲಿಸಿದವನು ದೊಡ್ಡಪ್ಪ. ಸೀಟು ಹೆಂಗಸರಿಗೆ ಹೋಯ್ತು, ಬೇರೆಯವರ ಮನೆಗೆ ಹೋಗೋದು ಬೇಡ ಅಂತ. ಮೊದಲ ಎರಡು ಸಭೆಗೆ ಅವಳು ಹೋಗಲೇ ಇಲ್ಲ, ರಿಜಿಸ್ಟರು ಮನೆಗೆ ಬಂತು. “ಇಲ್ಲಿ ಸೈ ಮಾಡು ಅಂದ್ರು, ಮಾಡಿದೆ. ಸೈ ಅಂದ್ರ ನನ್ ಹೆಸ್ರು, ಅಷ್ಟ ಬರ್ತಿತ್ತು ನನಗ.” ಮೂರನೇ ಸಭೆಗೆ ಹೋದಳು, ಹೊಸ್ತಿಲ ಹತ್ತಿರ ಕೂತಳು. ಕೈಪಂಪು ಎಲ್ಲಿ ಹಾಕಬೇಕು ಅನ್ನೋ ಮಾತು. ಗೌಡರ ಮನೆ ಮುಂದೆ ಅಂತ ಮೊದಲೇ ತೀರ್ಮಾನ ಆಗಿತ್ತು. ಇವಳು ಅಲ್ಲಿಂದಲೇ, ಮಾದರ ಕೇರಿ ಹೆಂಗಸ್ರು ಹಳ್ಳಕ್ಕ ಹೋಗ್ತಾರ, ಅಲ್ಲಿ ಹಾಕ್ರಿ ಅಂದಳು. ಯಾರೂ ತಿರುಗಿಯೂ ನೋಡಲಿಲ್ಲ. ಸಂಜೆ ರಿಜಿಸ್ಟರು ಮನೆಗೆ ಬಂದಾಗ ಸೈ ಮಾಡಲಿಲ್ಲ.

ಅವಳ ಸೈ ಇಲ್ಲದಿದ್ದರೂ ಠರಾವು ಪಾಸಾಗುತ್ತಿತ್ತು, ಆ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ, ಬಹುಶಃ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ! ಊರಲ್ಲಿ ಗದ್ದಲ ಆಯ್ತು. ಗೌಡರು ದೊಡ್ಡಪ್ಪನನ್ನು ಕರೆಸಿದರು. ದೊಡ್ಡಪ್ಪ ಒಂದು ತಿಂಗಳು ದೊಡ್ಡವ್ವನ ಜೊತೆ ಮಾತು ಬಿಟ್ಟ. ಕೊನೆಗೆ ಪಂಪು ಎರಡರ ನಡುವೆ, ಹನುಮಪ್ಪನ ಗುಡಿ ಹಿಂದೆ ಬಿತ್ತು. ಪೂರ್ತಿ ಗೆಲುವೂ ಅಲ್ಲ. ಕೇರಿಯವರು ಅಲ್ಲಿಗೆ ಬಂದು ನೀರು ತುಂಬೋದಕ್ಕೆ ಇನ್ನೊಂದು ಜಗಳ ಆಗಬೇಕಾಯ್ತು.

ಹೆಂಗಸರು ಅಧಿಕಾರಕ್ಕೆ ಬಂದರೆ ಶಾಂತಿ ಬರುತ್ತೆ ಅಂತ ಭಾಷಣಗಳಲ್ಲಿ ಸಲೀಸಾಗಿ ಹೇಳ್ತಾರೆ. ನಮ್ಮ ಊರಲ್ಲಿ ಬಂದದ್ದು ಜಗಳ. ಅದಕ್ಕೂ ಮೊದಲು ಇದ್ದದ್ದು ಶಾಂತಿ ಅನ್ನೋದಾದರೆ, ಅದು ಒಬ್ಬರು ಬಾಯಿ ಮುಚ್ಚಿಕೊಂಡು ಹಳ್ಳಕ್ಕೆ ನಡೆಯುತ್ತಿದ್ದುದರಿಂದ ಇದ್ದ ಶಾಂತಿ.

ಇದಕ್ಕೆ ಡೇಟಾ ಇದೆ, ನಮ್ಮ ಜಾತಿಯವರಿಗೆ, ಅಂದ್ರೆ ಎಂಜಿನಿಯರುಗಳಿಗೆ ಹೇಳಲೇಬೇಕು. ಲಕ್ಷ್ಮಿ ಅಯ್ಯರ್, ಆನಂದಿ ಮಣಿ ಮತ್ತಿಬ್ಬರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಂಚಾಯ್ತಿ ಮೀಸಲು ಬಂದ ಮೇಲೆ ರಾಜ್ಯಗಳಲ್ಲಿ ಮಹಿಳೆಯರ ಮೇಲಿನ ಅಪರಾಧಗಳ ದಾಖಲೆ ಏನಾಯ್ತು ಅಂತ ನೋಡಿದರು. 46% ಹೆಚ್ಚಾಗಿತ್ತು. ಮೇಲ್ನೋಟಕ್ಕೆ ಗಾಬರಿ. ಪ್ರೊಡಕ್ಷನ್ನಿಗೆ ಹೊಸದಾಗಿ ಮಾನಿಟರಿಂಗ್ ಹಾಕಿದ ವಾರ ಅಲರ್ಟ್‌ಗಳು ಸುರಿಯುತ್ತವಲ್ಲ, ಮ್ಯಾನೇಜರ್ ಬಂದು ‘ಮೊದಲು ಎಲ್ಲ ಚೆನ್ನಾಗಿತ್ತಲ್ಲ’ ಅಂತಾರಲ್ಲ, ಅದೇ ಇದು. ಮುಚ್ಚಿಡಲು ಕಷ್ಟವಾದ ಕೊಲೆಯಂಥ ಅಪರಾಧಗಳಲ್ಲಿ ಅಂಥ ಏರಿಕೆ ಇರಲಿಲ್ಲ. ಅಪರಾಧ ಹೆಚ್ಚಾಗಲಿಲ್ಲ, ದೂರು ಕೊಡುವ ಧೈರ್ಯ ಹೆಚ್ಚಾಯ್ತು, ಪೊಲೀಸರು ಬರೆದುಕೊಳ್ಳುವುದೂ ಹೆಚ್ಚಾಯ್ತು ಅನ್ನೋದು ಅವರ ತೀರ್ಮಾನ.

ನೀರಿನ ವಿಷಯ ಎಸ್ತರ್ ಡುಫ್ಲೊ, ರಾಘವೇಂದ್ರ ಚಟ್ಟೋಪಾಧ್ಯಾಯ ಅವರ 2004ರ ಅಧ್ಯಯನದಲ್ಲಿ ಬರುತ್ತೆ. ಪಶ್ಚಿಮ ಬಂಗಾಳ, ರಾಜಸ್ಥಾನದ ಹಳ್ಳಿಗಳಲ್ಲಿ ಮೀಸಲು ಸೀಟಿನ ಅಧ್ಯಕ್ಷೆಯರು ಕುಡಿಯುವ ನೀರಿಗೆ ಹೆಚ್ಚು ಹಣ ಹಾಕಿದ್ದರು. ಆದರೆ ಬರೀ ಸಿಹಿ ಸುದ್ದಿ ಹೇಳಿ ಹೋದರೆ ಮೋಸ ಆಗುತ್ತೆ. ನಮ್ಮ ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳನ್ನು ನೋಡಿದ ರಾಧು ಬಾನ್, ವಿಜಯೇಂದ್ರ ರಾವ್ ಅವರಿಗೆ ಕಂಡದ್ದು ಬೇರೆ. ಮಹಿಳಾ ಅಧ್ಯಕ್ಷರ ಪಂಚಾಯ್ತಿ ಗಂಡಸರದ್ದಕ್ಕಿಂತ ಅಂಥಾ ಬೇರೆಯಾಗೇನೂ ನಡೆಯುತ್ತಿರಲಿಲ್ಲ. ಕೆಟ್ಟದಾಗಿಯೂ ಇಲ್ಲ, ಗಮನಿಸಿ. ಮತ್ತೆ ಮೇಲ್ಜಾತಿಯವರ ಹಿಡಿತ ಬಿಗಿ ಇದ್ದ ಊರುಗಳಲ್ಲಿ ಈ ಹೆಂಗಸರಿಗೆ ಕೆಲಸ ಮಾಡಲು ಕಷ್ಟವಾಗಿತ್ತು, ಅನುಭವ ಇದ್ದವರಿಗೆ ಸುಲಭವಾಗಿತ್ತು. ದೊಡ್ಡವ್ವನ ಕೈಪಂಪು ಗುಡಿ ಹಿಂದೆ ಬಿದ್ದದ್ದರ ವಿವರಣೆ ಇದೇ ಅಂತ ನನಗನ್ನಿಸುತ್ತೆ. ಕುರ್ಚಿ ಕೊಟ್ಟರು, ಊರಿನ ಜಮೀನು ಯಾರ ಕೈಲಿತ್ತೋ ಅವರ ಕೈಲೇ ಇತ್ತು.

ಇನ್ನೊಂದು ಕಥೆ ಹೇಳದಿದ್ದರೆ ಆಗಲ್ಲ. 1992, ನೆಲ್ಲೂರು ಜಿಲ್ಲೆ, ದೂಬಗುಂಟ ಎಂಬ ಹಳ್ಳಿ. ಸಾಕ್ಷರತಾ ತರಗತಿಗೆ ಬರುತ್ತಿದ್ದ ಹೆಂಗಸರು ತಮ್ಮ ಪಾಠದಲ್ಲಿ ಬಂದ ಕುಡಿತದ ಕಥೆ ಓದಿ, ಇದು ನಮ್ಮನೆ ಕಥೆಯೇ ಅಂತ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಮುಂದೆ ನಿಂತವರು ರೋಸಮ್ಮ. ಊರಿಂದೂರಿಗೆ ಹಬ್ಬಿ ಹೈದರಾಬಾದಿನ ಸರ್ಕಾರ ಅಲ್ಲಾಡಿತು. 1993ರಲ್ಲಿ ಸಾರಾಯಿ ನಿಷೇಧ. 1994ರ ಚುನಾವಣೆಯಲ್ಲಿ ಎನ್‌ಟಿಆರ್ ಸಂಪೂರ್ಣ ಪಾನನಿಷೇಧದ ಮಾತು ಕೊಟ್ಟು ಗೆದ್ದು, 1995ರ ಜನವರಿಯಲ್ಲಿ ಜಾರಿಗೆ ತಂದರು. ಮನೆಯೊಳಗಿನ ಹೊಡೆತ ಬಡಿತವೇ ಅವರು ಕಂಡಿದ್ದ ಅಶಾಂತಿ. ಅದರ ವಿರುದ್ಧ ಹೆಂಗಸರು ಮಾಡಿದ ಇಷ್ಟು ದೊಡ್ಡ ಚಳವಳಿ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ.

1997ರಲ್ಲಿ ಖಜಾನೆ ಖಾಲಿ ಅಂತ ಸರ್ಕಾರ ನಿಷೇಧ ಸಡಿಲಿಸಿತು. ಸಾರಾಯಿ ಮೇಲಿನದು ಉಳಿಯಿತು, ಬ್ರಾಂದಿ ವಿಸ್ಕಿ ಮೇಲಿನದು ಹೋಯಿತು. ಪಾನನಿಷೇಧ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ನನಗೂ ಅನುಮಾನಗಳಿವೆ. ನನ್ನ ಕಣ್ಣಿಗೆ ಬೀಳುವುದು ಬೇರೆ: ಆ ಚಳವಳಿ ಮಾಡಿದವರಲ್ಲಿ ಎಷ್ಟು ಜನ 1997ರಲ್ಲಿ ಆ ತೀರ್ಮಾನ ಆದ ಕೋಣೆಯಲ್ಲಿದ್ದರು? ಬೀದಿಯಲ್ಲಿ ಗೆದ್ದದ್ದನ್ನು ಒಳಗೆ ಕಾಯಲು ಅವರ ಕಡೆಯವರು ಬೇಕಿತ್ತು. 1951ರ ಹೆಂಗಸರದ್ದೂ ಇದೇ ಕಥೆ.

ಹಾಗಂತ ಒಬ್ಬ ಹೆಂಗಸು ತುತ್ತತುದಿಯಲ್ಲಿ ಕೂತರೆ ಸಾಕಾ? ಇಂದಿರಾ ಗಾಂಧಿಯವರಿಗೆ 1978ರಲ್ಲಿ ಮರುಜನ್ಮ ಕೊಟ್ಟದ್ದು ನಮ್ಮ ಚಿಕ್ಕಮಗಳೂರು, 1980ರಲ್ಲಿ ಇಲ್ಲಿನ ಮೇದಕ್. ತುರ್ತು ಪರಿಸ್ಥಿತಿ ಹೇರಿದವರೂ ಅವರೇ. ರುವಾಂಡಾ ಸಂಸತ್ತಿನ ಕೆಳಮನೆಯಲ್ಲಿ 60%ಕ್ಕೂ ಹೆಚ್ಚು ಹೆಂಗಸರು, ಆದರೆ ಅಲ್ಲಿ ವಿರೋಧ ಪಕ್ಷಕ್ಕೆ ಉಸಿರಾಡಲು ಜಾಗ ಕಡಿಮೆ. ಲೈಬೀರಿಯಾದಲ್ಲಿ ಮಾತ್ರ 2003ರಲ್ಲಿ ಬಿಳಿ ಬಟ್ಟೆ ತೊಟ್ಟ ಹೆಂಗಸರು ಯುದ್ಧ ನಿಲ್ಲಿಸಲು ಗಂಡಸರನ್ನು ಮಾತುಕತೆಯ ಮೇಜಿನಿಂದ ಏಳಲು ಬಿಡಲಿಲ್ಲ, 2005ರಲ್ಲಿ ಒಬ್ಬ ಹೆಂಗಸನ್ನೇ ಅಧ್ಯಕ್ಷೆ ಮಾಡಿದರು. ಹೆಣ್ಣು ಹುಟ್ಟಿನಿಂದಲೇ ಶಾಂತ ಸ್ವಭಾವದವಳು ಅನ್ನೋ ಮಾತನ್ನು ನಾನು ನಂಬಲ್ಲ. ನಮ್ಮ ದೊಡ್ಡವ್ವನನ್ನು ನೋಡಿದವರು ಯಾರೂ ನಂಬಲ್ಲ.

ತೆಲಂಗಾಣದಲ್ಲೇ ಈಗಿನ ಒಂದು ಉದಾಹರಣೆ ಇದೆ. ಸೀತಕ್ಕ, ದಾಖಲೆಯಲ್ಲಿ ದನಸರಿ ಅನಸೂಯ. ಕೋಯ ಬುಡಕಟ್ಟಿನ ಹುಡುಗಿ, ಹದಿಹರೆಯದಲ್ಲೇ ನಕ್ಸಲ್ ದಳ ಸೇರಿದವರು. 1990ರ ದಶಕದಲ್ಲಿ ಹೊರಬಂದು ಕಾನೂನು ಓದಿದರು, 2009ರಲ್ಲಿ ಮುಲುಗಿನಿಂದ ಶಾಸಕಿ ಆದರು, 2022ರಲ್ಲಿ ಉಸ್ಮಾನಿಯಾದಿಂದ ಪಿಎಚ್‌ಡಿ ಪಡೆದರು. 2023ರ ಡಿಸೆಂಬರಿನಲ್ಲಿ ಪಂಚಾಯತ್ ರಾಜ್ ಮಂತ್ರಿಯಾದರು. ಸ್ವರಾಜ್ಯಂ ದಾರಿಗೆ 27 ವರ್ಷ ಹಿಡಿದಿತ್ತು, ಇವರಿಗೆ ಅಷ್ಟು ಹಿಡಿಯಲಿಲ್ಲ. ಮುಲುಗು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ ಅನ್ನೋದನ್ನೂ ಜೊತೆಗೇ ಹೇಳಬೇಕು.

ವಿಧಾನಸಭೆಗಳಲ್ಲಿ ಮಹಿಳಾ ಮೀಸಲಿನ ಮಸೂದೆ ಮೊದಲು ಬಂದದ್ದು 1996ರ ಸೆಪ್ಟೆಂಬರಿನಲ್ಲಿ, ದೇವೇಗೌಡರು ಪ್ರಧಾನಿ ಆಗಿದ್ದಾಗ. ಕಾನೂನಾದದ್ದು 2023ರಲ್ಲಿ, 106ನೇ ತಿದ್ದುಪಡಿಯಾಗಿ. ಅದೂ ಜನಗಣತಿ ಆಗಿ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಎಂಬ ಷರತ್ತಿನೊಂದಿಗೆ. ಅದೇ 2023ರಲ್ಲಿ ಎರಡೂ ರಾಜ್ಯಗಳಲ್ಲಿ ಚುನಾವಣೆ ಆಯ್ತು. ಕರ್ನಾಟಕದ 224ರಲ್ಲಿ ಗೆದ್ದ ಹೆಂಗಸರು 10, ತೆಲಂಗಾಣದ 119ರಲ್ಲಿ 10. ಪಂಚಾಯ್ತಿಯಲ್ಲಿ ಎರಡೂ ಕಡೆ ಅರ್ಧಕ್ಕರ್ಧ ಸೀಟು ಹೆಂಗಸರಿಗೆ. ಕೆಳಗಿನ ಮೆಟ್ಟಿಲಲ್ಲಿ ಇಷ್ಟು ಜನ ತಯಾರಾಗಿ ನಿಂತಿದ್ದಾರೆ, ಮೇಲಿನ ಮೆಟ್ಟಿಲಿಗೆ ಟಿಕೆಟ್ ಕೊಡುವವರು ಮಾತ್ರ ‘ಗೆಲ್ಲುವ ಅಭ್ಯರ್ಥಿ ಸಿಗಲ್ಲ’ ಅಂತಲೇ ಇದ್ದಾರೆ.

ಹೋದ ವರ್ಷ ದೊಡ್ಡವ್ವನನ್ನು ಕಣ್ಣಿನ ಆಪರೇಷನ್ನಿಗೆ ಇಲ್ಲಿಗೆ ಕರೆಸಿದ್ದೆ. ಮರಳಿ ರೈಲಿಗೆ ಹತ್ತಿಸುವ ದಿನ ಸಮಯ ಇತ್ತು, ಕೋಠಿ ಕಡೆಯಿಂದ ಕಾರು ತಿರುಗಿಸಿದೆ. ಗೇಟಿನ ಮೇಲಿನ ಹೆಸರು ತೋರಿಸಿ ಐಲಮ್ಮನ ಕಥೆ ಹೇಳಿದೆ. ಕಪ್ಪು ಕನ್ನಡಕದೊಳಗಿಂದ ನೋಡಿ, “ಎಷ್ಟ್ ಸಲ ಮೆಂಬರ್ ಆಗಿದ್ಳು ಆಕಿ?” ಅಂದಳು.

ಶಾಸಕಿ ಗೀಸಕಿ ಏನೂ ಆಗ್ಲಿಲ್ಲವ್ವ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಆಟೋದವನು ಹಾರ್ನ್ ಹೊಡೀತಿದ್ದ.

“ಹೊಲ ಉಳೀತೇನು?”

ಉಳೀತು ಅಂದೆ. ಹಂಗಾದ್ರ ನಡಿ, ಗಾಡಿ ತಪ್ತದ ಅಂದಳು.